ಖಾಲಿ ಪೆಟ್ಟಿಗೆ ಹೊರುವ ವಿದ್ಯೆ

ಖಾಲಿ ಪೆಟ್ಟಿಗೆಯನ್ನು ಭಾರದ ಪೆಟ್ಟಿಗೆಯಂತೆ ಹೊರುವುದು ಎಲ್ಲರಿಗೂ ಬರುವುದಿಲ್ಲ. ನನಗೆ ಬರುತ್ತದೆ. ಬಗ್ಗುವಾಗ ಮೊಣಕಾಲು ಮಡಿಸಬೇಕು, ಬೆನ್ನನ್ನಲ್ಲ. ಎತ್ತುವಾಗ ಉಸಿರು ಹಿಡಿಯಬೇಕು. ನಾಲ್ಕು ಹೆಜ್ಜೆಗೊಮ್ಮೆ ನಿಂತು ಸೊಂಟ ಹಿಡಿದುಕೊಳ್ಳಬೇಕು. ಆಚೆ ತುದಿ ಹಿಡಿದವನಿಗೆ ಸಣ್ಣಗೆ ಬೈಯುತ್ತಿರಬೇಕು. ಬೈಯದಿದ್ದರೆ ನೋಡುವವರು ನಂಬುವುದಿಲ್ಲ. ಮೆಟ್ಟಿಲು ಬಂದಾಗ ಮಾತ್ರ ದನಿ ಎತ್ತರಿಸಿ, "ಹ್ವಾಯ್, ನಿಧಾನ! ಒಳ್ಗೆ ಗ್ಲಾಸ್ ಇತ್ತ್" ಅನ್ನಬೇಕು. ಅಷ್ಟು ಹೊತ್ತಿಗೆ ಸುತ್ತಲಿನ ಮೂರು ಮನೆಯವರು ಅಂಗಳಕ್ಕೆ ಬಂದಿರುತ್ತಾರೆ. ಈ ವಿದ್ಯೆಯಲ್ಲಿ ಬ್ರಹ್ಮಾವರದಿಂದ ಬೈಂದೂರಿನವರೆಗೆ ನನ್ನನ್ನು ಮೀರಿಸುವವನು ಯಾರಾದರೂ ಇದ್ದರೆ ಬರಲಿ, ನೋಡೋಣ.

ಎಪ್ಪತ್ತು ದಾಟಿದೆ ನನಗೆ. ಮುಂಬೈಯ ಹೋಟೆಲುಗಳ ಗಲ್ಲಾದಲ್ಲಿ ಮೂವತ್ತು ವರ್ಷ ಕೂತು ಊರಿಗೆ ಬಂದವನು. ಕುಶಾಲು, ತಮಾಷೆ ಮಾಡದೆ ಉಂಡ ದಿನ ನೆನಪಿಲ್ಲ. ಒಮ್ಮೆ ಕೋಟೇಶ್ವರದಲ್ಲಿ ಒಂದು ಮದುವೆಗೆ ಕರೆಯದೆ ಹೋಗಿದ್ದೆ. ಗಂಡಿನ ಕಡೆಯವರು ನನ್ನನ್ನು ಹೆಣ್ಣಿನ ದೊಡ್ಡಪ್ಪ ಅಂದುಕೊಂಡರು, ಹೆಣ್ಣಿನ ಕಡೆಯವರು ಗಂಡಿನ ಸೋದರಮಾವ ಅಂದುಕೊಂಡರು. ಎರಡು ಪಂಕ್ತಿಯಲ್ಲಿ ಎರಡು ಊಟ ಮಾಡಿಸಿ, ಫೋಟೋಕ್ಕೆ ನಡುವೆ ನಿಲ್ಲಿಸಿದರು. ಆ ಆಲ್ಬಮ್ಮು ತೋರಿಸುವಾಗ ಆ ಮನೆಯವರು ಈಗಲೂ ನನ್ನ ಮೇಲೆ ಬೆರಳಿಟ್ಟು "ಇವ್ರ್ ಹಿರಿಯರ್" ಅನ್ನುತ್ತಾರಂತೆ. ನಗುವುದಿದ್ದರೆ ಈಗಲೇ ನಕ್ಕುಬಿಡಿ.

ಊರಿಗೆ ಬಂದ ಮೇಲೆ ಸುಮ್ಮನೆ ಕೂರಲಾಗದೆ ಕುಂದಾಪುರದಲ್ಲಿ ಒಂದು ಎಲೆಕ್ಟ್ರಾನಿಕ್ಸ್ ಅಂಗಡಿಯ ಗೋಡೌನಿಗೆ ಸೇರಿಕೊಂಡೆ. ಲಾರಿ ಬಂದಾಗ ಸಾಮಾನು ಲೆಕ್ಕ ಹಾಕಿ ಇಳಿಸಿಕೊಳ್ಳುವುದು, ಯಾವ ಮನೆಗೆ ಯಾವುದು ಹೋಯಿತು ಎಂದು ನೋಡಿಕೊಳ್ಳುವುದು, ಇಷ್ಟೇ ಕೆಲಸ. ಅಂಗಡಿಯಲ್ಲಿ ನೋಡಲಿಕ್ಕೆ ಇಟ್ಟ ಟಿವಿ, ಫ್ರಿಜ್ಜುಗಳ ಖಾಲಿ ಪೆಟ್ಟಿಗೆಗಳು ಗೋಡೌನಿನಲ್ಲಿ ರಾಶಿ ಬೀಳುತ್ತಿದ್ದವು. ತಿಂಗಳಿಗೊಮ್ಮೆ ಗುಜರಿಯವನು ಬಂದು ಕೊಂಡೊಯ್ಯುತ್ತಿದ್ದ.

ನಮ್ಮ ಮನೆ ಇರುವುದು ಕುಂದಾಪುರದಿಂದ ಬಸ್ರೂರಿಗೆ ಹೋಗುವ ದಾರಿಯಲ್ಲಿ. ನಮಗೂ ಆಚೆಮನೆಗೂ ನಡುವೆ ಎದೆಮಟ್ಟದ ಒಂದು ಪಾಗಾರ. ಆಚೆಮನೆಯವನು ಮೀನಿನ ಟೆಂಪೋದವನು, ನನಗಿಂತ ಇಪ್ಪತ್ತೈದು ವರ್ಷ ಚಿಕ್ಕವನು. ಬೆಳಗಿನ ಜಾವ ಗಂಗೊಳ್ಳಿಯ ಬಂದರಿನಲ್ಲಿ ಬಂಗುಡೆ, ಬೈಗೆ ತುಂಬಿಸಿಕೊಂಡು ಹಾಲಾಡಿ, ಅಮಾಸೆಬೈಲು ಅಂತ ಹಾರ್ನ್ ಹೊಡೆಯುತ್ತ ಮನೆಮನೆಗೆ ಮಾರಿ ಮಧ್ಯಾಹ್ನ ಮನೆ ಸೇರುತ್ತಿದ್ದ. ಹೆಂಡತಿ ಗೇರುಬೀಜದ ಫ್ಯಾಕ್ಟರಿಗೆ ಹೋಗುತ್ತಿದ್ದಳು. ಟೆಂಪೋ ತೆಗೆದ ಸಾಲವನ್ನು ಐದು ವರ್ಷ ಒಂದು ಕಂತೂ ತಪ್ಪಿಸದೆ ಕಟ್ಟಿ ಮುಗಿಸಿದ ದಿನ ಅವಳು ಪಾಯಸ ಮಾಡಿ ನಮಗೂ ಒಂದು ತಪ್ಪಲೆ ಕಳಿಸಿದ್ದಳು. ಆ ಮನೆಗೆ ಇದ್ದದ್ದು ಆ ಟೆಂಪೋ ಒಂದೇ. ಹೊಲವಿಲ್ಲ, ತೋಟವಿಲ್ಲ, ದೋಣಿಯಲ್ಲಿ ಪಾಲಿಲ್ಲ.

ಎಲ್ಲ ಶುರುವಾದದ್ದು ಒಂದು ಮಾತಿನಿಂದ. ಒಂದು ಸಂಜೆ ಅವನು ನಮ್ಮ ಜಗಲಿಗೆ ಬಂದು, ಕಿಟಕಿಯಿಂದ ನಮ್ಮ ಹಳೆಯ ಟಿವಿಯನ್ನು ಇಣುಕಿ ನೋಡಿದ. ಹಿಂದುಗಡೆ ದಪ್ಪಗಿರುವ, ಹದಿನೆಂಟು ವರ್ಷದ ಡಬ್ಬ ಅದು.

"ಹ್ವಾಯ್ ಅಣ್ಣಾ, ನಿಮ್ಮ್ ಟಿವಿಗೆ ಇಷ್ಟ್ ದೊಡ್ಡ ಹೊಟ್ಟಿ ಬಂದಿತ್ತಲೆ, ಎಷ್ಟ್ ತಿಂಗ್ಳ್?"

"ಒಂಬತ್ತಾಯ್ತ್. ಹೆತ್ತ್ ಕೂಡ್ಲೆ ಒಂದ್ ಮರಿ ನಿಂಗೇ ಕೊಡ್ತೆ" ಅಂದೆ.

ಅಂದೆ, ಆದರೆ ಚುಚ್ಚಿತು. ಊರಿಗೆಲ್ಲ ಕುಶಾಲು ಮಾಡುವವನಿಗೆ ಇನ್ನೊಬ್ಬನು ಮಾಡಿದರೆ ತಡೆಯುವುದಿಲ್ಲ. ಮರುವಾರ ಗೋಡೌನಿನಿಂದ ಐವತ್ತೈದು ಇಂಚಿನ ಟಿವಿಯ ಖಾಲಿ ಪೆಟ್ಟಿಗೆಯೊಂದನ್ನು ಕೇಳಿ ಪಡೆದು, ಆಟೋದ ಮೇಲೆ ಕಟ್ಟಿಸಿಕೊಂಡು ಬಂದೆ. ಆಟೋದವನಿಗೆ ಬಾಡಿಗೆಯ ಮೇಲೆ ಒಂದು ಚಾ, ಎರಡು ಗೋಳಿಬಜೆ ಕೊಡಿಸಿ ಪಾಠ ಹೇಳಿಕೊಟ್ಟಿದ್ದೆ. ಇಬ್ಬರೂ ಏದುಸಿರು ಬಿಡುತ್ತ ಪೆಟ್ಟಿಗೆಯನ್ನು ಒಳಗೆ ಸಾಗಿಸಿದೆವು. ಮರುದಿನ ಅದನ್ನು ತಂದು ಜಗಲಿಯ ಮೂಲೆಯಲ್ಲಿ, ಇಂಚು ಬರೆದ ಬದಿ ರಸ್ತೆಗೆ ಕಾಣುವ ಹಾಗೆ ನಿಲ್ಲಿಸಿದೆ. ನಮ್ಮ ಕಡೆ ಪೆಟ್ಟಿಗೆಯನ್ನು ಯಾರೂ ಬಿಸಾಡುವುದಿಲ್ಲ, ವಾರಂಟಿ ಮುಗಿಯುವವರೆಗೆ ಬೇಕು ಅನ್ನುತ್ತಾರೆ. ವಾರಂಟಿ ಮುಗಿದು ಹತ್ತು ವರ್ಷವಾದರೂ ಅದು ಕಪಾಟಿನ ಮೇಲೆಯೇ ಇರುತ್ತದೆ. ನಿಮ್ಮ ಮನೆಯಲ್ಲೂ ಇದೆ, ಇಲ್ಲವೆನ್ನಬೇಡಿ.

ಅವನು ಪಾಗಾರದ ಆಚೆಯಿಂದಲೇ ನಿಂತು ನೋಡಿದ.

"ಐವತ್ತೈದಾ ಅಣ್ಣಾ?"

"ಅದ್ರಂಗೇ ಬರ್ದಿತ್ತಲ್ದಾ. ಓದುಕ್ ಬತ್ತಿಲ್ಯಾ?"

"ಕಂತಿಗಾ?"

"ಕಂತ್ ಎಂತಕೆ? ನಗದ್. ಮುಂಬೈಯಂಗೆ ಮೂವತ್ ವರ್ಷ ನಾ ಇಡ್ಲಿ ಎಣ್ಸಿಯೇ ಬಂದದ್ ಅಂದೇಳಿ ಮಾಡಿದ್ಯಾ?"

ಅವನ ಮುಖ ಸಣ್ಣಗಾಯಿತು. ಆಹಾ, ಆ ಮುಖವನ್ನು ನೋಡಿ ನಾನು ಆ ದಿನ ಎರಡು ಸಲ ಅನ್ನ ಹಾಕಿಸಿಕೊಂಡೆ. ಟಿವಿ ಒಳಕೋಣೆಯಲ್ಲಿದೆ ಎಂದು ಹೇಳಿದೆ. ಹಳೆಯ ಡಬ್ಬಕ್ಕೆ ಒಂದು ದೊಡ್ಡ ಸ್ಪೀಕರ್ ಸಿಕ್ಕಿಸಿ, ರಸ್ತೆಗೆ ಕೇಳುವ ಹಾಗೆ ಸುದ್ದಿ ಹಾಕುತ್ತಿದ್ದೆ. ಗಂಡಸರು ಬಂದರೆ ಜಗಲಿಯಲ್ಲೇ ಕೂರುವುದು ವಾಡಿಕೆ. ಅವನ ಹೆಂಡತಿಗೆ ಫ್ಯಾಕ್ಟರಿಯಿಂದ ಬಂದು ಅಕ್ಕಪಕ್ಕದ ಮನೆ ಹೊಕ್ಕುವಷ್ಟು ಪುರುಸೊತ್ತು ಇರಲಿಲ್ಲ. ನನ್ನ ಹೆಂಡತಿ ಈ ಆಟಕ್ಕೆ ಸೇರಲಿಲ್ಲ. ಸುಳ್ಳನ್ನೂ ಹೇಳಲಿಲ್ಲ, ನಿಜವನ್ನೂ ಹೇಳಲಿಲ್ಲ.

ಹದಿನೈದು ದಿನದೊಳಗೆ ಗಂಡಹೆಂಡತಿ ಇಬ್ಬರೂ ನಮ್ಮ ಅಂಗಡಿಗೆ ಬಂದರು. ನಾನೇ ಮುಂದೆ ನಿಂತು ತೋರಿಸಿದೆ. ಅರವತ್ತೈದು ಇಂಚಿನದನ್ನು ಅವನೇ ಬೆರಳು ಮಾಡಿದ. ಫೈನಾನ್ಸಿನ ಮೇಜಿನಲ್ಲಿ ಕೂತ ಹೆಣ್ಣುಮಗಳು ಆಧಾರ್ ಕೇಳಿದಳು, ಪ್ಯಾನ್ ಕೇಳಿದಳು, ಮೊಬೈಲನ್ನು ಅವನ ಮುಖದ ಎದುರು ಹಿಡಿದು, "ಸರ್, ಒಂದ್ಸಲ ಕಣ್ಣು ಮಿಟುಕಿಸಿ" ಅಂದಳು. ಅವನು ಮಿಟುಕಿಸಿದ. ಸಾಲ ಆಯಿತು. ಟೆಂಪೋ ಸಾಲಕ್ಕೆ ಬ್ಯಾಂಕಿಗೆ ಎಂಟು ಸಲ ಅಲೆದವನು ನಂಬಲಾಗದೆ ನನ್ನ ಮುಖ ನೋಡಿದ.

"ಮೇಡಂ, ಮಳಿಗಾಲದಂಗೆ ನಮ್ಗೆ ಎರಡ್ ತಿಂಗ್ಳ್ ದುಡಿಮಿ ಇಲ್ಲೆ. ಆಗ ಕಂತಿಗೆ ಎಂತ ಮಾಡುದ್?"

"ಮಳೆಗಾಲ ಅಂತ ಇದರಲ್ಲಿ ಆಪ್ಷನ್ ಇಲ್ಲ ಸರ್."

ಅವನು ನಕ್ಕ. ನಾನೂ ನಕ್ಕೆ. ಫೈನಾನ್ಸಿನವಳು ಮಾತ್ರ ನಗಲಿಲ್ಲ, ನಿಜ ಹೇಳಿದವಳು ಅವಳೊಬ್ಬಳೇ.

ನಾನು ಸಣ್ಣವನಿದ್ದಾಗ ಕೇರಿಗೆಲ್ಲ ಒಂದು ಅಕ್ಕಿ ಅಂಗಡಿ ಇತ್ತು. ಮಳೆಗಾಲದ ಎರಡು ತಿಂಗಳು ಬೋಟು ಇಳಿಯದಿದ್ದಾಗ ಮೀನುಗಾರರ ಮನೆಗಳಿಗೆ ಅಲ್ಲಿಂದ ಅಕ್ಕಿ, ಎಣ್ಣೆ ಬಾಕಿಗೆ ಹೋಗುತ್ತಿತ್ತು. ಅಂಗಡಿಯವನು ಆ ದಿನಗಳಲ್ಲಿ ಯಾರನ್ನೂ ಕೇಳುತ್ತಿರಲಿಲ್ಲ. ಮೊದಲ ಬೋಟು ಮೀನು ತಂದ ಸಂಜೆ ತಾನೇ ಛತ್ರಿ ಹಿಡಿದು ಬಂದರಿಗೆ ಹೋಗಿ ನಿಲ್ಲುತ್ತಿದ್ದ. ಅವನೇನು ಧರ್ಮಾತ್ಮನಲ್ಲ, ತೂಕದಲ್ಲಿ ಹೊಡೆಯುತ್ತಿದ್ದ. ಆದರೆ ಕಡಲು ಯಾವಾಗ ಮುಚ್ಚುತ್ತದೆ, ಯಾವಾಗ ತೆರೆಯುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಕಂತಿಗೆ ಗೊತ್ತಿಲ್ಲ. ಅದು ತಿಂಗಳ ಐದಕ್ಕೆ ಬರುತ್ತದೆ, ಎಲ್ಲಿಯೋ ಕೂತ ಯಂತ್ರವೊಂದು ಬ್ಯಾಂಕಿನ ಖಾತೆಗೆ ಕೈ ಹಾಕುತ್ತದೆ, ಖಾತೆ ಬರಿದಾಗಿದ್ದರೆ ಅದಕ್ಕೂ ದಂಡ ಹಾಕುತ್ತದೆ.

ಆಚೆಮನೆಯ ಟಿವಿ ಮಾರಾಟವಾದ ಸಂಜೆ ಅಂಗಡಿಯ ಯಜಮಾನರು ನನ್ನನ್ನು ಕರೆದು ಕೈಯಲ್ಲಿ ಐನೂರು ರೂಪಾಯಿ ಇಟ್ಟರು.

"ಇದ್ ಎಂತಕೆ?"

"ಗಿರಾಕಿ ತಂದದ್ದಕ್ಕೆ. ಆ ಖಾಲಿ ಬಾಕ್ಸಿನ ವಿಷಯ ಆಟೋದವ ಹೇಳ್ದ. ನೀವ್ ಸಾಮಾನ್ಯದ್ ಜನ ಅಲ್ಲ ಮಾರಾಯ್ರೆ! ಗುಜರಿಗೆ ಹಾಕ್ರೆ ಮೂವತ್ ರೂಪಾಯಿ. ಇನ್ನ್ ಬೇಕಾರೆ ತಕಹೋಯ್ನಿ."

ಇಲ್ಲಿಯವರೆಗೆ ಅದು ಕುಶಾಲು. ಇಲ್ಲಿಂದ ಮುಂದೆ ಏನೆಂದು ಕರೆಯಬೇಕೋ ನೀವೇ ಕರೆಯಿರಿ.

ಎರಡನೆಯ ಸಲ ಎರಡು ಬಾಗಿಲಿನ ಫ್ರಿಜ್ಜಿನ ಪೆಟ್ಟಿಗೆ ಬಂತು. ಮೂರನೆಯ ಸಲ ಬಟ್ಟೆ ಒಗೆಯುವ ಮಿಷನ್ನಿನದು. ಎರಡು ಸಲವೂ ತಿಂಗಳೊಳಗೆ ಆಚೆಮನೆಗೆ ನಿಜವಾದದ್ದು ಬಂತು, ನನ್ನದಕ್ಕಿಂತ ಒಂದು ಅಳತೆ ದೊಡ್ಡದು. ನನಗೆ ಐನೂರು, ಐನೂರು ಬಂತು. ಅಮಾಸೆಬೈಲಿನ ನನ್ನ ಷಡ್ಡಕನ ಜಗಲಿಗೂ ಒಂದು ಪೆಟ್ಟಿಗೆ ಹೋಯಿತು. ಅಲ್ಲಿ ಮೂರು ಮನೆಯವರು ಕೊಂಡರು.

"ದಿನಾ ತಾಜಾ ಮೀನ್ ತರುವವ್ನಿಗೆ ಫ್ರಿಜ್ ಎಂತಕೆ ಮಾರಾಯಾ? ಐಸ್ ನಿನ್ನ್ ಟೆಂಪೋದಂಗೇ ಇತ್ತಲ್ದಾ" ಎಂದು ಪಾಗಾರದ ಮೇಲಿಂದ ಕೆಣಕಿದ್ದೆ.

"ನಿಮ್ಗೆ ಎಂತಕೆ? ಇಬ್ರೇ ಇಪ್ದಲ್ದಾ ನೀವ್!" ಎಂದು ಅವನು ತಿರುಗಿಸಿ ಹೊಡೆದ. ಚುರುಕು ಬಾಯಿಯವನು. ಆ ಫ್ರಿಜ್ಜಿನಲ್ಲಿ ನೀರಿನ ಬಾಟಲಿಗಳು ಮತ್ತು ಅರ್ಧ ತೆಂಗಿನಕಾಯಿ ಇರುತ್ತಿದ್ದವು.

ಬಟ್ಟೆ ಮಿಷನ್ನು ಬಂದಾಗ ಮಾತ್ರ ಅವನ ಹೆಂಡತಿ ನಿಜವಾಗಿ ಸಂತೋಷಪಟ್ಟಳು. ಗೇರುಬೀಜದ ಎಣ್ಣೆ ತಾಗಿ ಅವಳ ಬೆರಳುಗಳು ಸುಟ್ಟು ಕಪ್ಪಾಗಿದ್ದವು, ಸೋಪಿನ ನೀರು ಮುಟ್ಟಿದರೆ ಉರಿಯುತ್ತಿತ್ತು. ಆದರೆ ಅವರ ನಲ್ಲಿಯ ನೀರಿಗೆ ಮಿಷನ್ನು ತುಂಬುವಷ್ಟು ರಭಸವಿರಲಿಲ್ಲ. ನಡುವೆಯೇ ಕೀಂ ಕೀಂ ಎಂದು ನಿಂತುಬಿಡುತ್ತಿತ್ತು. ಅವಳು ಬಾವಿಯಿಂದ ನೀರು ಸೇದಿ, ಕೊಡಪಾನದಲ್ಲಿ ಹೊತ್ತು ಅದರ ಬಾಯಿಗೆ ಹೊಯ್ಯುತ್ತಿದ್ದಳು. ಮೊದಲು ಕಲ್ಲಿನ ಮೇಲೆ ಒಗೆಯುವಾಗ ಬೇಕಾಗುತ್ತಿದ್ದುದಕ್ಕಿಂತ ಎರಡು ಕೊಡ ಹೆಚ್ಚು.

ನನ್ನ ಹೆಂಡತಿ ಒಂದು ದಿನ ಗಂಜಿ ಬಡಿಸುತ್ತ ಹೇಳಿದಳು: "ಹ್ವಾಯ್, ಈ ಆಟ ಸಾಕ್ ಮಾಡಿ. ಆಚೆಮನಿ ಹೆಣ್ಣ್ ಸಂಘದಂಗೆ ಮತ್ತೆ ಸಾಲ ಎತ್ತಿತ್ತ್. ಕಂತ್ ಕಟ್ಟುಕೆ ಸಾಲ ಅಂಬ್ರ್. ಜಾಮೀನ್ ಸೈನ್ ಹಾಕಿದ್ದ್ ನಾವ್ ಐದ್ ಜನ ಹೆಂಗಸ್ರ್. ಅವ್ಳ್ ಕಟ್ಟದಿರೆ ನಾವ್ ಕಟ್ಕ್, ಗೊತ್ತಿತ್ತಾ?"

"ಕಟ್ತ್ರ್ ಬಿಡ್. ಟೆಂಪೋ ಓಡತ್ತಲ್ದಾ."

"ಆ ಟೆಂಪೋದ ಮೇಲೂ ಸಾಲ ತೆಗ್ದಾಯ್ತ್" ಅಂದಳು.

ನನಗೆ ಗಂಜಿ ಗಂಟಲಲ್ಲಿ ನಿಂತಿತು ಎಂದು ಬರೆದರೆ ಸುಳ್ಳಾಗುತ್ತದೆ. ಉಂಡು ಎದ್ದೆ. ಆದರೆ ಆಮೇಲೆ ಪೆಟ್ಟಿಗೆ ತರಲಿಲ್ಲ.

ಅದೇ ಬೇಸಗೆಯಲ್ಲಿ ಗೋಡೌನಿನಲ್ಲೂ ವ್ಯತ್ಯಾಸ ಕಾಣತೊಡಗಿತು. ಹೊರಗೆ ಹೋದ ಸಾಮಾನುಗಳು ಒಂದೊಂದೇ ತಿರುಗಿ ಬರುತ್ತಿದ್ದವು. ಪೆಟ್ಟಿಗೆಯಿಲ್ಲದೆ, ಬೆಡ್‌ಶೀಟಿನಲ್ಲಿ ಸುತ್ತಿದ ಟಿವಿಗಳು. ಬಾಗಿಲಿಗೆ ಮಕ್ಕಳ ಸ್ಟಿಕ್ಕರ್ ಅಂಟಿಸಿದ ಫ್ರಿಜ್ಜು. ಒಳಗೆ ಒಗ್ಗರಣೆಯ ವಾಸನೆ. ಹೊಸ ಸಾಮಾನಿನ ಲಾರಿಗಳೂ ಬರುತ್ತಲೇ ಇದ್ದವು. ಇಡಲು ಜಾಗವಿರಲಿಲ್ಲ.

"ಮಾರಿ ಹ್ವಾಪ್ದಿಲ್ಲ ಅಂದ್ರೆ ತರ್ಸುದ್ ಎಂತಕೆ?" ಎಂದು ಯಜಮಾನರನ್ನು ಕೇಳಿದೆ.

ಅವರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಬೆವರು ಒರೆಸಿಕೊಂಡರು. "ತರ್ಸದಿರೆ ಹಿಂದಿನ ಸ್ಟಾಕಿನ ದುಡ್ಡ್ ಈಗ್ಳೇ ಕಟ್ಟಿ ಅಂತ್ರ್ ಕಂಪೆನಿಯವ್ರ್. ಹೊಸತ್ ತಕಂಡ್ರೆ ಇನ್ನೊಂದ್ ತಿಂಗ್ಳ್ ಬಿಡ್ತ್ರ್. ನೀವ್ ಎಂತ ಎಣ್ಸಿದ್ರಿ, ಈ ಅಂಗ್ಡಿ ನಂದಾ? ನಾನೂ ಕಂತಿನವನೇ."

ಕುಂದಾಪುರದ ಆ ರಸ್ತೆಯಲ್ಲಿ ನಡೆದು ಹೋಗುವಾಗ ನಾನು ಅಲ್ಲಿಯವರೆಗೆ ಬಣ್ಣದ ದೀಪಗಳನ್ನು ಮಾತ್ರ ನೋಡಿದ್ದೆ. ಟಿವಿ ಅಂಗಡಿಯ ಪಕ್ಕ ಮೊಬೈಲ್ ಅಂಗಡಿ, ಅದರ ಪಕ್ಕ ಸೋಫಾದ ಅಂಗಡಿ, ಅದರ ಮೇಲಿನ ಮಾಳಿಗೆಯಲ್ಲಿ ಚಿನ್ನ ಅಡವಿಡುವ ಕಚೇರಿ. ಕೆಳಗೆ ಕೊಂಡವರು ಕೆಲವು ತಿಂಗಳ ಮೇಲೆ ಅದೇ ಮೆಟ್ಟಿಲು ಹತ್ತಿ ಮೇಲೆ ಹೋಗುತ್ತಿದ್ದರು. ಹೆಂಗಸರು ಸೆರಗನ್ನು ಕುತ್ತಿಗೆಯ ಸುತ್ತ ಎಳೆದುಕೊಂಡು ಇಳಿಯುತ್ತಿದ್ದರು.

ಮಳೆ ಹಿಡಿಯಿತು. ಬೋಟುಗಳು ನಿಂತವು. ನಾಡದೋಣಿಯ ಮೀನು ಅಷ್ಟಿಷ್ಟು ಬರುತ್ತದೆ, ಟೆಂಪೋ ತುಂಬುವಷ್ಟಲ್ಲ. ಆಷಾಢದ ಒಂದು ಬೆಳಿಗ್ಗೆ ಆಚೆಮನೆಯವನು ಛತ್ರಿಯಿಲ್ಲದೆ ಬಂದು ನಮ್ಮ ಜಗಲಿಯ ಕೆಳಗೆ ನಿಂತ.

"ಅಣ್ಣಾ, ಒಂದ್ ಮಾತ್ ಇದ್ದಿತ್ತ್."

"ಮಾತಾರೆ ಕೊಡ್ತೆ, ದುಡ್ಡಾರೆ ಇಲ್ಲ" ಎಂದೆ, ರೂಢಿಯ ಹಾಗೆ.

ಅವನು ನಗಲಿಲ್ಲ. "ದುಡ್ಡೇ" ಅಂದ.

"ಮೇಲ್ ಬಾ. ಮಳಿಗೆ ಚಂಡಿ ಆತಿದ್ದೆ."

"ಟೆಂಪೋ ಸಾಲದ್ ಮೂರ್ ಕಂತ್ ಬಾಕಿ ಆಯ್ತ್. ನಾಳಿದ್ದ್ ಗಾಡಿ ತಕಹೋತ್ರಂಬ್ರ್. ಐವತ್ ಸಾವ್ರ ಕೊಡಿ ಅಣ್ಣಾ. ಬೋಟ್ ಇಳ್ದ್ ಕೂಡ್ಲೆ ಮೊದ್ಲಿನ ಮೀನಿನ ದುಡ್ಡ್ ನಿಮ್ದೇ. ಬಡ್ಡಿ ಬೇಕಾರೂ ಹಾಕಣಿ."

"ನನ್ನ್ ಹತ್ರ ಎಲ್ಲಿತ್ತ್ ಮಾರಾಯಾ ಐವತ್ ಸಾವ್ರ?"

"ಹಾಂಗ್ ಹೇಳ್ಬೇಡಿ. ಮೂರ್ ಮೂರ್ ಸಾಮಾನ್ ನಗದಂಗೆ ತಂದವ್ರ್ ನೀವ್. ಟೆಂಪೋ ಅಡ ಇಟ್ಟ್ ಸೈನ್ ಹಾಕುವತಿಗೆ ಹೆಂಡ್ತಿ ಬ್ಯಾಡ ಅಂದೇಳಿ ಕಣ್ಣೀರ್ ಹಾಕಿ ಮರ್ಕಿದ್ಳ್. ನಾನೇ ಹೇಳಿದ್ದ್, ಎಂತಾರೂ ಆರೆ ಆಚೆಮನಿ ಅಣ್ಣ ಇದ್ರಲೆ ಹೆಣೇ, ಅವ್ರ್ ಕೈ ಬಿಡುದಿಲ್ಲೆ ಅಂದೇಳಿ. ನಿಮ್ಮನ್ನ ಕಂಡೇ ನಾ ಧೈರ್ಯ ಮಾಡಿದ್ದ್ ಅಣ್ಣಾ."

ಮಾಡಿನಿಂದ ನೀರು ಅವನ ತಲೆಯ ಮೇಲೆ ಸುರಿಯುತ್ತಿತ್ತು. ನಾನು ಲೆಕ್ಕ ಹಾಕಿದ್ದು ಅವನ ಹೊಟ್ಟೆಕಿಚ್ಚನ್ನು. ಅದು ಸರಿಯಾಗಿಯೇ ಇತ್ತು, ಪ್ರತಿ ಸಲವೂ ಕೆಲಸ ಮಾಡಿತ್ತು. ಆ ಪೆಟ್ಟಿಗೆಗಳನ್ನು ನೋಡಿ ಅವನು ನನ್ನನ್ನು ನಂಬಿಕೊಂಡು ಕೂತಿದ್ದಾನೆ, ತನ್ನ ಟೆಂಪೋವನ್ನು ನನ್ನ ಹೆಗಲ ಮೇಲೆ ಇಟ್ಟಿದ್ದಾನೆ ಎಂದು ನನಗೆ ಹೊಳೆದೇ ಇರಲಿಲ್ಲ.

ಎರಡು ದಾರಿ ಇತ್ತು. ಕೊಡುವುದಿಲ್ಲ ಎಂದು ಹೇಳಿ ಜಿಪುಣ ಅನ್ನಿಸಿಕೊಳ್ಳಬಹುದಿತ್ತು, ಇಲ್ಲವೇ ನಿಜ ತೋರಿಸಬಹುದಿತ್ತು. ಅರ್ಧ ಗಳಿಗೆ ಮೊದಲನೆಯದನ್ನೇ ಮಾಡಬೇಕು ಅಂದುಕೊಂಡೆ. ಆದರೆ ಅವನು ಆಗಲೇ ಮೆಟ್ಟಿಲು ಹತ್ತಿ ಬಂದು ನನ್ನ ಕೈ ಹಿಡಿದುಕೊಂಡಿದ್ದ. ಆ ಕೈಯನ್ನು ಹಾಗೆಯೇ ಹಿಡಿದು ಒಳಕೋಣೆಗೆ ಕರೆದೊಯ್ದೆ. ಮಳೆ ಹಿಡಿದ ಮೇಲೆ ಜಗಲಿಯಿಂದ ಒಳಗೆ ತಂದಿಟ್ಟ ಮೂರು ಪೆಟ್ಟಿಗೆಗಳೂ ಅಲ್ಲಿದ್ದವು. ಒಂದರಲ್ಲಿ ಒಣ ತೆಂಗಿನಕಾಯಿ, ಒಂದರಲ್ಲಿ ಹಳೆಯ ಕಂಬಳಿಗಳು, ಇನ್ನೊಂದರಲ್ಲಿ ಏನೂ ಇರಲಿಲ್ಲ. ಮೂಲೆಯಲ್ಲಿ ಹೊಟ್ಟೆಯ ಟಿವಿ.

ಅವನು ನೋಡಿದ. ಆಮೇಲೆ ನಕ್ಕುಬಿಟ್ಟ.

"ಅಣ್ಣಾ, ನಿಮ್ಮ್ ಹಳೀ ಕುಶಾಲ್ ಬಿಡಿ ಈಗ್ಳ್. ಸಾಮಾನ್ ಎಲ್ಲ್ ಅಡ್ಗ್ಸಿ ಇಟ್ಟಿರಿ? ದುಡ್ಡ್ ಕೇಂತ್ನೆ ಅಂದೇಳಿ ಮೊದ್ಲೇ ಗೊತ್ತಾಯ್ತಾ ನಿಮ್ಗೆ?"

"ದೇವ್ರಾಣಿ, ಬಾಕ್ಸ್ ಮಾತ್ರವೇ ತಂದದ್ದ್ ನಾನ್."

"ನಿಮ್ಮ್ ದೇವ್ರಾಣಿ ಎಷ್ಟ್ ಕೇಂಡಿದ್ನಿಲ್ಲ ನಾನ್!"

ಅವನು ಅಡುಗೆಮನೆಗೆ ಹೋದ. ಹಿಂದಿನ ಜಗಲಿಗೆ ಹೋದ. ಬಚ್ಚಲ ಬಾಗಿಲು ತೆರೆದ. ಮಂಚದ ಕೆಳಗೆ ಬಗ್ಗಿ ನೋಡಿದ, ಎರಡು ಬಾಗಿಲಿನ ಫ್ರಿಜ್ಜು ಮಂಚದ ಕೆಳಗೆ ಇರುತ್ತದೆಯೇ? ನಗುತ್ತಲೇ ಹುಡುಕುತ್ತಿದ್ದ. ಬದುಕೆಲ್ಲ ಸುಳ್ಳು ಹೇಳಿ ನಂಬಿಸಿದವನು ನಾನು, ಒಂದು ನಿಜವನ್ನು ನಂಬಿಸಲು ನನ್ನಿಂದಾಗಲಿಲ್ಲ. ಕೊನೆಗೆ ಒಲೆಯ ಹತ್ತಿರ ನಿಂತಿದ್ದ ನನ್ನ ಹೆಂಡತಿಯೇ ಬಾಯಿ ಬಿಟ್ಟಳು.

"ಅವ್ರ್ ಹೇಳುದ್ ಸತ್ಯವೇ ತಮ್ಮಾ. ಮೊದ್ಲಿಂದ್ಲೂ ಖಾಲಿಯೇ."

ಅವನ ನಗು ಮುಖದ ಮೇಲೆ ಸ್ವಲ್ಪ ಹೊತ್ತು ಹಾಗೇ ಉಳಿದಿತ್ತು, ಇಳಿಸಲು ಮರೆತವನ ಹಾಗೆ.

"ನಿಮ್ಗೂ ಗೊತ್ತಿದ್ದಿತ್ತಾ ಅಕ್ಕಾ?"

ಅವಳು ತಲೆ ತಗ್ಗಿಸಿದಳು. ಅವನು ನನ್ನ ಕಡೆ ತಿರುಗಿದ.

"ನಾ ನಿಮ್ಗೆ ಎಂತ ಮಾಡಿದ್ದೆ ಅಣ್ಣಾ?"

ಏನು ಮಾಡಿದ್ದ? ಟಿವಿಗೆ ಹೊಟ್ಟೆ ಬಂದಿದೆ ಅಂದಿದ್ದ. ಅವನು ಮಳೆಯಲ್ಲೇ ಇಳಿದು ಹೋದ.

ನನ್ನ ಹತ್ತಿರ ಹನ್ನೊಂದು ಸಾವಿರವಿತ್ತು. ಅಷ್ಟನ್ನೂ ತೆಗೆದುಕೊಂಡು ಅವನ ಮನೆಗೆ ಹೋದೆ. ಅವನ ಹೆಂಡತಿ ಬಾಗಿಲಲ್ಲಿ ನಿಂತು ಇಸಿದುಕೊಂಡಳು. ಫೈನಾನ್ಸಿನವರಿಗೆ ನಾನೇ ಫೋನು ಮಾಡಿದೆ, ಮುಂಬೈ ಹಿಂದಿಯಲ್ಲೂ ಮಾತಾಡಿದೆ, ಇಂಗ್ಲಿಷಿನಲ್ಲೂ ಎರಡು ಮಾತು ಬಿಟ್ಟೆ. ಮೂರು ಕಂತು, ಅದರ ದಂಡ, ದಂಡದ ಮೇಲಿನ ಖರ್ಚು, ಎಲ್ಲ ಸೇರಿ ಒಂದೇ ಸಲ ಕಟ್ಟಬೇಕು, ಚೂರುಚೂರು ಆಗುವುದಿಲ್ಲ ಎಂದರು. ಯಜಮಾನರನ್ನು ಮುಂಗಡ ಕೇಳಿದೆ. ಅವರು ಮೇಜಿನ ಡ್ರಾಯರು ಎಳೆದು ತೋರಿಸಿದರು, ಅದೂ ಖಾಲಿ.

ಸಾಮಾನುಗಳನ್ನಾದರೂ ಮಾರೋಣವೆಂದು ಹಳೆ ಸಾಮಾನು ಕೊಳ್ಳುವವನನ್ನು ಕರೆತಂದೆ. ಅರವತ್ತೈದು ಇಂಚಿನ ಟಿವಿಯ ಮೇಲೆ ಬೆರಳು ಎಳೆದು, ಮೂರಕ್ಕೂ ಸೇರಿಸಿ ಅವನು ಹೇಳಿದ ಬೆಲೆ ಟೆಂಪೋದ ಒಂದೂವರೆ ಕಂತಿನಷ್ಟೂ ಇರಲಿಲ್ಲ. "ಬಾಕ್ಸ್ ಇತ್ತಾ? ಬಾಕ್ಸ್ ಇದ್ರೆ ಐನೂರ್ ಜಾಸ್ತಿ ಕೊಡ್ಲಕ್ಕ್" ಅಂದ.

ಆಚೆಮನೆಯವನು ನನ್ನ ಮುಖವನ್ನೇ ನೋಡಿದ. ಕಣ್ಣು ತಪ್ಪಿಸಿದವನು ನಾನು. ಆ ಐನೂರಿನ ಮಾತು ಬಂದಾಗ ನನಗೆ ಬೇರೆ ಐನೂರುಗಳು ನೆನಪಾಗಿದ್ದವು. ಮೂರು ಸಲ ಇಸಿದುಕೊಂಡ ಆ ಹಣದ ವಿಷಯ ಅವನಿಗೆ ಇಂದಿಗೂ ಗೊತ್ತಿಲ್ಲ. ಹೇಳಬೇಕು ಎಂದು ಎಷ್ಟೋ ಸಲ ಪಾಗಾರದವರೆಗೆ ಹೋಗಿ ತಿರುಗಿ ಬಂದಿದ್ದೇನೆ.

ಮೂರನೆಯ ದಿನ ಬೆಳಿಗ್ಗೆ ಅವನೇ ಬಂದು ಅಂಗಳದಲ್ಲಿ ನಿಂತು ಕರೆದ.

"ಬನಿ. ಬ್ರಹ್ಮಾವರಕ್ಕ್ ಹೋಯ್ಕ್."

"ಎಂತಕೆ?"

"ಗಾಡಿ ಬಿಡುಕೆ. ಅವ್ರ್ ಬಂದ್ ಹಾಲಾಡಿ ಪೇಟಿಯಂಗೆ, ನನ್ನ್ ಗಿರಾಕಿಗಳ ಎದ್ರ್ ತಡ್ದ್ ನಿಲ್ಸುದ್ ಬ್ಯಾಡ. ನಾನೇ ಕೊಂಡೋಯ್ ಬಿಡ್ತೆ. ಸಾಕ್ಷಿಗೆ ಒಬ್ರ್ ಬೇಕಂಬ್ರ್."

ಅಷ್ಟೇ ಹೇಳಿದ. ಕೊನೆಗೆ 'ಅಣ್ಣಾ' ಇರಲಿಲ್ಲ.

ಟೆಂಪೋವನ್ನು ತೊಳೆದಿದ್ದ. ಮೀನಿನ ಕ್ರೇಟುಗಳನ್ನೂ ತಕ್ಕಡಿಯನ್ನೂ ಮನೆಯಲ್ಲಿ ಇಳಿಸಿದ್ದ. ಹೆಂಡತಿ ಫ್ಯಾಕ್ಟರಿಗೆ ಹೊರಟವಳು ಬಾಗಿಲಲ್ಲಿ ನಿಂತು, ಟೆಂಪೋ ರಸ್ತೆಗೆ ಇಳಿಯುವವರೆಗೆ ನೋಡಿ, ಆಮೇಲೆ ಚೀಲ ತೆಗೆದುಕೊಂಡಳು. ಕುಂದಾಪುರ ದಾಟಿ ಹೆದ್ದಾರಿಗೆ ಬಂದೆವು. ವೈಪರು ಅವನ ಬದಿಯಲ್ಲಿ ಮಾತ್ರ ಓಡುತ್ತಿತ್ತು. ನನ್ನ ಬದಿಯ ಗಾಜಿನಲ್ಲಿ ನೀರಲ್ಲದೆ ಏನೂ ಕಾಣುತ್ತಿರಲಿಲ್ಲ. ಕೋಟದ ಹತ್ತಿರ ಒಬ್ಬ ಬಾಳೆಗೊನೆಯನ್ನು ಸ್ಕೂಟರಿನಲ್ಲಿ ಮಗುವಿನ ಹಾಗೆ ಮುಂದೆ ಕೂರಿಸಿಕೊಂಡು ಹೋಗುತ್ತಿದ್ದ. ಬೇರೆ ದಿನವಾಗಿದ್ದರೆ ಅದರ ಮೇಲೆ ಹತ್ತು ಮಾತು ಹುಟ್ಟುತ್ತಿದ್ದವು. ನಾನು "ಕಾಣ್..." ಎಂದು ಬಾಯಿ ತೆರೆದೆ. ಅವನು ಗೇರು ಬದಲಿಸಿದ. ಮುಚ್ಚಿಕೊಂಡೆ.

ಫೈನಾನ್ಸಿನವರು ಜಪ್ತಿ ಮಾಡಿದ ಗಾಡಿಗಳನ್ನು ನಿಲ್ಲಿಸುವ ಯಾರ್ಡ್ ಎಂದರೆ ತಗಡಿನ ಬೇಲಿ ಹಾಕಿದ ಒಂದು ಗದ್ದೆ. ಆಟೋಗಳು, ಬೈಕುಗಳು, ಶಾಲೆಯ ಮಕ್ಕಳನ್ನು ಕೂರಿಸುವ ಒಂದು ವ್ಯಾನು, ಎಲ್ಲ ಕೆಸರಿನಲ್ಲಿ ಅರ್ಧ ಚಕ್ರ ಹೂತು ನಿಂತಿದ್ದವು. ಕೆಲವುಗಳ ಮೇಲೆ ಬಳ್ಳಿ ಹಬ್ಬಿತ್ತು. ಮೀನಿನ ಟೆಂಪೋಗಳೇ ನಾಲ್ಕಿದ್ದವು. ಅವನು ಒಂದರ ಹತ್ತಿರ ಹೋಗಿ ಬಾಗಿಲ ಮೇಲಿನ ಬರಹವನ್ನು ಕೈಯಿಂದ ಒರೆಸಿ ನೋಡಿದ.

"ಇದ್ ಬೈಂದೂರ್ ಕಡೀದ್. ದಿನಾ ಬಂದರಂಗೆ ನನ್ನ್ ಹಿಂದೇ ನಿಲ್ತಿದ್ದಿತ್ತ್" ಅಂದ, ನನಗಲ್ಲ, ತನಗೇ.

ಯಾರ್ಡಿನವನು ಕೊಡೆ ಹಿಡಿದು ಬಂದು ಟೆಂಪೋದ ಸುತ್ತ ಒಂದು ಸುತ್ತು ಹಾಕಿದ. ಕಾಗದದಲ್ಲಿ ಬರೆಯುತ್ತ ಹೋದ: ಸ್ಟೆಪ್ನಿ ಒಂದು. ಜಾಕು ಇಲ್ಲ. ಎಡಗಡೆಯ ಕನ್ನಡಿ ಬಿರುಕು. ಹಿಂದಿನ ಬಾಗಿಲು ತೆರೆದು ಮೂಗು ಮುಚ್ಚಿಕೊಂಡ.

"ಎಷ್ಟು ತೊಳೆದರೂ ಮೀನಿನ ಗಾಡಿಯ ವಾಸನೆ ಹೋಗುದಿಲ್ಲ ನೋಡಿ. ಹರಾಜಿನಲ್ಲಿ ರೇಟು ಬರುದಿಲ್ಲ."

"ಹರಾಜಂಗೆ ಕಮ್ಮಿ ಬಂದ್ರೆ?" ಎಂದು ಆಚೆಮನೆಯವನು ಕೇಳಿದ.

"ಉಳಿದದ್ದು ನೀವೇ ಕಟ್ಟಬೇಕು."

"ಗಾಡಿ ಇಲ್ದೆ?"

ಯಾರ್ಡಿನವನು ಸಹಿಯ ಜಾಗಕ್ಕೆ ಗುರುತು ಹಾಕಿ ಕಾಗದವನ್ನು ಅವನಿಗೆ ಕೊಟ್ಟ. ಆಚೆಮನೆಯವನು ಸಹಿ ಹಾಕಿ ಪೆನ್ನನ್ನು ನನ್ನ ಕಡೆ ಚಾಚಿದ. 'ಮಾಲೀಕರು ಸ್ವಂತ ಇಚ್ಛೆಯಿಂದ ವಾಹನ ಒಪ್ಪಿಸಿರುತ್ತಾರೆ' ಎಂದಿತ್ತು. ಅದರ ಕೆಳಗೆ, ಸಾಕ್ಷಿ. ಮುಂಬೈಯಲ್ಲಿ ಮೂವತ್ತು ವರ್ಷ ದಿನಕ್ಕೆ ನೂರು ಬಿಲ್ಲಿಗೆ ಗೀಚಿದ ಸಹಿ ಅದು. ಆ ದಿನ ಅರ್ಧಕ್ಕೆ ಪೆನ್ನು ನಿಂತಿತು. ಮಳೆಗೆ ಕಾಗದ ನೆನೆದಿದೆ ಎಂದು ಯಾರ್ಡಿನವನು ಅಡಿಗೆ ಒಂದು ರಟ್ಟು ಕೊಟ್ಟ.

ಕೀಲಿ ಕೊಡುವ ಮೊದಲು ಆಚೆಮನೆಯವನು ಒಮ್ಮೆ ಒಳಗೆ ಹತ್ತಿ ಕೂತ. ಏನೋ ಮರೆತನೆಂದುಕೊಂಡೆ. ಸೀಟನ್ನು ಹಿಂದಕ್ಕೆ ಸರಿಸಿ, ಹ್ಯಾಂಡ್ ಬ್ರೇಕು ಎಳೆದು, ಗೇರನ್ನು ನ್ಯೂಟ್ರಲ್ಲಿಗೆ ತಂದು ಇಳಿದ. ಕೀಲಿ ಕೊಟ್ಟ. ತಿರುಗಿ ನೋಡದೆ ಹೆದ್ದಾರಿಯ ಕಡೆ ನಡೆದ. ನಾನು ಹತ್ತು ಮಾರು ಹಿಂದೆ.

ಕುಂದಾಪುರದ ಬಸ್ಸು ಬಂತು. ಅವನು ಮುಂದಿನ ಬಾಗಿಲಲ್ಲಿ ಹತ್ತಿ ಕಿಟಕಿಯ ಸೀಟಿನಲ್ಲಿ ಕೂತ. ಪಕ್ಕದ ಸೀಟು ಖಾಲಿಯಿತ್ತು. ನಾನು ಅದರ ಹತ್ತಿರ ಒಂದು ಕ್ಷಣ ನಿಂತು, ಹಿಂದಿನ ಸೀಟಿಗೆ ಹೋಗಿ ಕೂತೆ. ನಮ್ಮ ಕಡೆ ಪರಿಚಯದವರು ಇಬ್ಬರು ಒಂದೇ ಬಸ್ಸು ಹತ್ತಿದರೆ ಟಿಕೆಟ್ಟಿಗೆ ಜಗಳವಾಗುತ್ತದೆ. ನಾ ಕೊಡ್ತೆ, ನೀವ್ ಇಡಿ, ಬ್ಯಾಡ ಮಾರಾಯ್ರೆ ಎಂದು ಕೈಕೈ ಹಿಡಿದು ಎಳೆದಾಡುತ್ತಾರೆ. ಇಷ್ಟು ವರ್ಷಗಳಲ್ಲಿ ಅವನು ನನಗೆ ಒಂದು ಸಲವೂ ಟಿಕೆಟ್ಟು ತೆಗೆಯಲು ಬಿಟ್ಟವನಲ್ಲ.

ನಾವು ಒಟ್ಟಿಗೆ ಹತ್ತಿದ್ದನ್ನು ಕಂಡಕ್ಟರು ನೋಡಿದ್ದ. ಹಿಂದೆ ಕೂತ ನನ್ನ ಕಡೆ ಗಲ್ಲ ಎತ್ತಿ ತೋರಿಸಿ ಅವನನ್ನು ಕೇಳಿದ: "ಇಬ್ರದ್ದಾ?"

ಅವನು ಅಂಗಿಯ ಕಿಸೆಯಿಂದ ಚಿಲ್ಲರೆ ಎಣಿಸಿ ತೆಗೆದ. ತಿರುಗಲಿಲ್ಲ.

"ಅಲ್ಲ. ನಂದ್ ಒಬ್ಬಂದೇ."